ಗುರುವಾರದ ಹದ್ದುಗಳು

ಹದ್ದುಗಳನ್ನು ಎಣಿಸಲು ಕೂತವರಿಗೆ ಮೊದಲು ತಿಳಿಯುವುದು, ಅವು ನಮ್ಮ ಅನುಕೂಲಕ್ಕೆ ಹಾರುವುದಿಲ್ಲ ಎಂಬುದು. ಐದು ಎಂದು ಬರೆದುಕೊಳ್ಳುವಷ್ಟರಲ್ಲಿ ಒಂದು ಹೋಗಿ ನೀರಿನ ಟ್ಯಾಂಕಿನ ಹಿಂದೆ ಮರೆಯಾಗುತ್ತದೆ, ಇನ್ನೊಂದು ಕಡೆಯಿಂದ ಒಂದು ಬರುತ್ತದೆ. ಬಂದದ್ದು ಹೋದದ್ದೇನಾ, ಬೇರೆಯದಾ? ಮೊದಲ ಎರಡು ದಿನ ನಾನು ಒಂದೇ ಹದ್ದನ್ನು ಎಷ್ಟು ಸಲ ಎಣಿಸಿದೆನೋ ಆ ಹದ್ದಿಗೇ ಗೊತ್ತು.

ಆಗ ನಾನು ಯಲಹಂಕದ ಒಂದು ಕಾಲೇಜಿನಲ್ಲಿ ವಿಮಾನಯಾನ ನಿರ್ವಹಣೆಯ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಪುಟ್ಟೇನಹಳ್ಳಿಯಲ್ಲಿ, ಕೆರೆಯಿಂದ ಮೂರು ರಸ್ತೆ ಈಚೆಗೆ. ವಿಮಾನ ತಲೆಯ ಮೇಲೆ ಹೋಗುವಾಗ ಮಾತು ನಿಲ್ಲಿಸಿ, ಸದ್ದು ಕಳೆದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುವುದು ನಮ್ಮ ಬೀದಿಯವರಿಗೆಲ್ಲ ಅಭ್ಯಾಸ. ತರಕಾರಿ ಗಾಡಿಯವನೂ ಹಾಗೆಯೇ. ಚೌಕಾಸಿಯ ನಡುವೆ ಕೈ ಮೇಲಕ್ಕೆತ್ತಿ ತಡೆದು, ಆಮೇಲೆ ಬೆಲೆ ಹೇಳುತ್ತಾನೆ. ಬೇರೆ ಬಡಾವಣೆಯ ನೆಂಟರು ಬಂದರೆ ಅವರು ಮಾತಾಡುತ್ತಲೇ ಇರುತ್ತಾರೆ, ನಾವು ಅವರ ಬಾಯಿ ನೋಡುತ್ತೇವೆ.

ಚಿಕ್ಕಂದಿನಲ್ಲಿ ಆ ಸದ್ದು ಕೇಳಿದಾಗಲೆಲ್ಲ ನನ್ನ ಪ್ರಶ್ನೆಗಳು ಶುರುವಾಗುತ್ತಿದ್ದವು. ಅದು ಎಲ್ಲಿಗೆ ಹೋಗುತ್ತಿದೆ, ಈಗ ಹೊರಡು ಎಂದು ಅದಕ್ಕೆ ಹೇಳಿದವರು ಯಾರು, ಇನ್ನೊಂದು ಎದುರಿಗೆ ಬಂದರೆ ದಾರಿ ಬಿಡುವವರು ಯಾರು. ಅಮ್ಮಿ ಎರಡನೆಯ ಪ್ರಶ್ನೆಗೇ ಸೌಟು ತೋರಿಸುತ್ತಿದ್ದರು. ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದವರು ನನ್ನ ದಾದಿ, ಅಬ್ಬಾನ ತಾಯಿ. ಅವರಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. "ನೀನೇ ದೊಡ್ಡೋಳಾಗಿ ಅಲ್ಲಿ ಹೋಗಿ ಕೇಳ್ಕೊಂಡ್ ಬಾ, ನಂಗೂ ಹೇಳು" ಅನ್ನುತ್ತಿದ್ದರು. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ದಾದಿಗೆ ಮಾತ್ರ ಎರಡೂ ಒಂದೇ. ಒಂದು ಮಾತನ್ನು ಉರ್ದುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ.

ಆ ವರ್ಷ ಕಾಲೇಜುಗಳ ನಡುವೆ ಒಂದು ಸಂಶೋಧನಾ ಮಂಡನೆ ಸ್ಪರ್ಧೆ ನಡೆಯಿತು. ವಿಷಯ ವಿಮಾನ ಮತ್ತು ನಿಲ್ದಾಣಗಳ ನಿರ್ವಹಣೆ. ಇಬ್ಬಿಬ್ಬರ ತಂಡ, ಹತ್ತು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ಮೊದಲ ಸ್ಥಾನ ಬಂದವರಿಗೆ ಒಂದು ನಿಲ್ದಾಣದ ನಿಯಂತ್ರಣ ಕೊಠಡಿಯಲ್ಲಿ ಆರು ವಾರ ತರಬೇತಿ. ಯಾವ ವಿಮಾನ ಎಲ್ಲಿ ನಿಲ್ಲಬೇಕು, ಯಾವುದು ಮೊದಲು ಹೊರಡಬೇಕು ಎಂದೆಲ್ಲ ತೀರ್ಮಾನವಾಗುವ ಜಾಗ. ನಾನು ಅಲ್ಲಿಯವರೆಗೆ ವಿಮಾನ ನಿಲ್ದಾಣಕ್ಕೆ ಹೋಗಿದ್ದು ಒಂದೇ ಸಲ, ದುಬೈಯಿಂದ ಬಂದ ಮಾಮುವನ್ನು ಕರೆತರಲು. ಗಾಜಿನ ಈಚೆಗೆ ನಿಂತು ಆಚೆಗೆ ಇಣುಕಿದ್ದೆ. ಆ ಗಾಜನ್ನು ದಾಟಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಸ್ಪರ್ಧೆಯ ನಿಯಮಗಳ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ನನ್ನ ಜೊತೆಗಾರ ಅಬ್ಬಿಗೆರೆಯ ಹುಡುಗ, ನನ್ನ ಸಹಪಾಠಿ. ಅವನ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಕಟ್ಟಡಗಳಿವೆ. ನಮ್ಮ ವಿಷಯ ಹದ್ದು. ವಿಮಾನ ಏರುವಾಗಲೂ ಇಳಿಯುವಾಗಲೂ ತಗ್ಗಿನಲ್ಲಿರುತ್ತದೆ. ಹದ್ದು ಹಾರುವುದೂ ಅದೇ ಎತ್ತರದಲ್ಲಿ. ಒಂದು ಹಕ್ಕಿ ಇಂಜಿನ್ನಿನೊಳಗೆ ಹೋದರೂ ಸಾಕು, ಅಷ್ಟು ದೊಡ್ಡ ವಿಮಾನ ತಿರುಗಿ ಬರಬೇಕಾಗಬಹುದು. ಬೀದಿಯ ಕಸಕ್ಕೂ ಹದ್ದುಗಳ ಸಂಖ್ಯೆಗೂ ನಂಟಿದೆಯೇ ಎಂದು ನೋಡುವುದು ನಮ್ಮ ಯೋಜನೆ. ನಾನು ನಮ್ಮ ತಾರಸಿಯಿಂದ, ಅವನು ಅಬ್ಬಿಗೆರೆಯ ಅವರ ತಾರಸಿಯಿಂದ, ದಿನಾ ಬೆಳಿಗ್ಗೆ ಏಳರಿಂದ ಎಂಟು. ಎರಡು ಸಲ ಎಣಿಸುವ ತೊಂದರೆಗೆ ಉಪಾಯ ಹೇಳಿದವನು ಅವನೇ. "ಓಡಾಡೋದನ್ನ ಎಣಿಸ್ಬೇಡ ಗುರು. ಹತ್ತು ನಿಮಿಷಕ್ಕೊಂದ್ ಸಲ ತಲೆ ಎತ್ತು, ಒಂದೇ ನೋಟದಲ್ಲಿ ಎಷ್ಟ್ ಕಾಣತ್ತೋ ಅಷ್ಟ್ ಬರಿ."

ಮನೆಯಲ್ಲಿ ದಾದಿಗೆ ಹೀಗೆ ಹೇಳಿದ್ದೆ: "ಹದ್ದಿನ ಮೇಲೆ ಒಂದು ದೊಡ್ಡ ಪರೀಕ್ಷೆ ಇದೆ ದಾದಿ. ಗೆದ್ರೆ ಆ ಗಾಜಿನ ಆಚೆ ಹೋಗ್ತೀನಿ." ಅವರು ಕೆಲಸ ನಿಲ್ಲಿಸಿ, "ಹದ್ದಾ?" ಎಂದಷ್ಟೇ ಕೇಳಿದ್ದರು.

ಆ ದಿನಗಳಲ್ಲಿ ಇನ್ನೊಂದು ನಡೆಯುತ್ತಿತ್ತು. ವಾರಕ್ಕೊಂದು ಬೆಳಗಿನ ಜಾವ ದಾದಿ ನನ್ನ ಹಾಸಿಗೆಯ ಬಳಿ ಬಂದು, ಮುಚ್ಚಳ ಮುಚ್ಚಿದ ಒಂದು ಸ್ಟೀಲಿನ ಡಬರಿಯನ್ನು ನನ್ನ ತಲೆಯ ಮೇಲೆ ಮೂರು ಸುತ್ತು ನಿವಾಳಿಸಿ ಹೋಗುತ್ತಿದ್ದರು. ದೃಷ್ಟಿ ತೆಗೆಯುತ್ತಾರೆ, ಉಪ್ಪೋ ಮೆಣಸಿನಕಾಯಿಯೋ ಇರಬೇಕು ಎಂದುಕೊಂಡು ನಾನು ಮಗ್ಗುಲಾಗುತ್ತಿದ್ದೆ. ಊರಿಗೆಲ್ಲ ಪ್ರಶ್ನೆ ಕೇಳುವ ನಾನು ಆ ಡಬರಿಯಲ್ಲಿ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಏಳು ವಾರ ಎಣಿಸಿದೆವು. ಕಸದ ಆಟೋ ಬಂದ ದಿನಕ್ಕೂ ಬಾರದ ದಿನಕ್ಕೂ ಹದ್ದುಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ನಿರಾಸೆಯಿಂದ ಅಂಕಿಗಳನ್ನು ವಾರದ ದಿನಗಳ ಪ್ರಕಾರ ಜೋಡಿಸಿದಾಗ ನನ್ನ ಕಣ್ಣರಳಿತು. ಬೇರೆ ದಿನ ಐದಾರು, ಹೆಚ್ಚೆಂದರೆ ಏಳು. ಗುರುವಾರ ಮಾತ್ರ, ಕೊನೆಯ ವಾರಗಳಲ್ಲಿ, ಇಪ್ಪತ್ತರ ಹತ್ತಿರ. ಅದೂ ವಾರ ವಾರ ಏರುತ್ತ ಹೋಗಿತ್ತು. ಅಬ್ಬಿಗೆರೆಯಲ್ಲಿ ಗುರುವಾರಕ್ಕೆ ಯಾವ ವಿಶೇಷವೂ ಇರಲಿಲ್ಲ. ಪುಟ್ಟೇನಹಳ್ಳಿಯ ಹದ್ದುಗಳಿಗೆ ಕ್ಯಾಲೆಂಡರ್ ಓದಲು ಕಲಿಸಿದವರು ಯಾರು? ನಾನು ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ.

ಕಾರಣ ಹುಡುಕಲು ಹೊರಟವರಿಗೆ ಸಿಗದೆ ಇರುತ್ತದೆಯೇ. ಕೆರೆಯ ಬೇಲಿಯ ಹತ್ತಿರ ಒಂದು ಕೋಳಿ ಅಂಗಡಿ ಇದೆ. ಅದರ ಪಕ್ಕ ಒಂದು ಖಾಲಿ ಸೈಟು. ಹೊಸದಾಗಿ ಎದ್ದ ನಾಲ್ಕು ಮಹಡಿಯ ಕಟ್ಟಡ ಅಡ್ಡವಾಗಿ ನಮ್ಮ ತಾರಸಿಗೆ ಆ ಸೈಟು ಕಾಣುವುದಿಲ್ಲ, ಅದರ ಮೇಲಿನ ಆಕಾಶ ಮಾತ್ರ ಕಾಣುತ್ತದೆ. ಹದ್ದುಗಳು ಸುತ್ತುತ್ತಿದ್ದದ್ದು ಅಲ್ಲಿಯೇ. ಅಂಗಡಿಯವರು ಬುಧವಾರ ಉಳಿದದ್ದನ್ನು ಗುರುವಾರ ಬೆಳಿಗ್ಗೆ ಸೈಟಿಗೆ ಸುರಿಯುತ್ತಿರಬೇಕು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಯಾರೂ ನೋಡಿರಲಿಲ್ಲ. ನಮಗೆ ಮಾರ್ಗದರ್ಶಕರಾಗಿದ್ದ ಮೇಡಂಗೂ ಅದು ಸರಿಯೆನಿಸಿತು. ಒಂಬತ್ತನೆಯ ಸ್ಲೈಡಿನಲ್ಲಿ ಆ ಅಂಗಡಿಯ ಫೋಟೋ ಹಾಕಿ, ಅದನ್ನು ಅಲ್ಲಿಂದ ತೆಗೆಸಬೇಕೆಂದು ಶಿಫಾರಸು ಬರೆದೆವು. ಗೆದ್ದವರ ಶಿಫಾರಸುಗಳನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ಕಳಿಸಲಾಗುವುದು ಎಂದು ನಿಯಮಗಳಲ್ಲಿತ್ತು. ಅಂತಿಮ ಸುತ್ತಿಗೆ ನಮ್ಮ ತಂಡ ಆಯ್ಕೆಯಾಯಿತು.

ಅಂತಿಮ ಸುತ್ತು ಶನಿವಾರ. ಅದಕ್ಕೆ ಎರಡು ದಿನ ಮುಂಚಿನ ಗುರುವಾರ, ಎಣಿಕೆಯೆಲ್ಲ ಮುಗಿದಿದ್ದರೂ, ನಾನು ಬೆಳಕು ಹರಿಯುವಾಗಲೇ ಫೋನ್ ಹಿಡಿದು ಹೊರಟೆ. ಅಂಗಡಿಯವರು ಕಸ ಸುರಿಯುವುದನ್ನು ವಿಡಿಯೋ ಮಾಡಿ ತೀರ್ಪುಗಾರರ ಮುಂದೆ ಇಟ್ಟರೆ ಮೊದಲ ಸ್ಥಾನ ಗ್ಯಾರಂಟಿ ಎಂಬ ಲೆಕ್ಕಾಚಾರ. ನಿಲ್ಲಿಸಿದ್ದ ಒಂದು ಶಾಲಾ ವ್ಯಾನಿನ ಹಿಂದೆ ಪತ್ತೇದಾರಳಂತೆ ಅಡಗಿ ನಿಂತೆ. ಅಂಗಡಿಯ ಶಟರ್ ಇಳಿದೇ ಇತ್ತು, ಮುಂದೆ ಕಲ್ಲು ತೊಳೆದು ಸ್ವಚ್ಛವಾಗಿತ್ತು. ಟ್ರಾನ್ಸ್‌ಫಾರ್ಮರ್ ಮೇಲೆ ಎರಡು ಹದ್ದು ಕೂತಿದ್ದವು.

ಏಳು ಗಂಟೆಯ ಹೊತ್ತಿಗೆ ಮೂಲೆ ತಿರುಗಿ ಕಂದು ಬಣ್ಣದ ಶಾಲು ಹೊದ್ದ ಒಬ್ಬ ಮುದುಕಿ ಬಂದರು. ಕೈಯಲ್ಲಿ ಸ್ಟೀಲಿನ ಡಬರಿ. ಆ ಡಬರಿ ಕಂಡದ್ದೇ ತಡ, ಕೆರೆಯ ಕಡೆಯಿಂದ, ಮೊಬೈಲ್ ಟವರಿನ ಮೇಲಿಂದ, ನಾನು ನೋಡಿಯೇ ಇರದ ಮೂಲೆಗಳಿಂದ ಹದ್ದುಗಳು ಬರತೊಡಗಿದವು. ಮುದುಕಿ ಮುಚ್ಚಳ ತೆಗೆದು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ, ಒಂದೊಂದೇ ಮಾಂಸದ ಚೂರನ್ನು ಮೇಲಕ್ಕೆಸೆದರು. ಹದ್ದುಗಳು ನೆಲಕ್ಕೆ ಬೀಳಗೊಡದೆ ಗಾಳಿಯಲ್ಲೇ ಹಿಡಿದವು. ನನ್ನ ಫೋನು ಎಲ್ಲವನ್ನೂ ಸೆರೆಹಿಡಿಯುತ್ತಲೇ ಇತ್ತು. ಆ ಮುದುಕಿ ನನ್ನ ದಾದಿ.

"ದಾದಿ, ಏನ್ ಮಾಡ್ತಿದ್ದೀರ?"

ಅವರು ಗಾಬರಿಯಾಗಲಿಲ್ಲ. "ಸದ್ಕಾ ಮಾ, ನಿಂದೇ" ಎಂದರು. ಸದ್ಕಾ ಎಂದರೆ ಮನೆಯವರಿಗೆ ಬರುವ ಕೆಡುಕು ಕಳೆಯಲೆಂದು ಕೊಡುವ ದಾನ. ಗುರುವಾರ ಅದನ್ನು ಕೊಡುವುದು ದಾದಿಯ ಹಳೆಯ ರೂಢಿ. ಆದರೆ ಯಾವಾಗಲೂ ಅಕ್ಕಿ, ಅದೂ ಮನುಷ್ಯರಿಗೆ.

"ಹದ್ದಿಗೆ ಯಾಕೆ ಹಾಕ್ತಿದ್ದೀರ? ಯಾವಾಗಿಂದ?"

"ನೀನು ಹದ್ದಿನ ಪರೀಕ್ಷೆ ಅಂದ್ಯಲ್ಲ, ಆ ವಾರದಿಂದ. ಹದ್ದಿನ ಕೆಲಸಕ್ಕೆ ಹದ್ದಿಗೇ ಕೊಟ್ರೆ ಬೇಗ ಮುಟ್ಟತ್ತೆ ಅಂತ."

ನನ್ನ ಏಳು ವಾರ, ನನ್ನ ಗುರುವಾರ, ನನ್ನ ಗಾಜಿನ ಆಚೆ, ಎಲ್ಲವೂ ಆ ಡಬರಿಯ ತಳದಲ್ಲಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾ ಹಾಳ್ ಮಾಡ್ಬಿಟ್ರಿ" ಎಂದವಳೇ ತಿರುಗಿ ನೋಡದೆ ನಡೆದುಬಿಟ್ಟೆ. ದಾದಿಗೆ ಮಂಡಿ ನೋವು, ಬೇಗ ನಡೆಯಲಾಗುವುದಿಲ್ಲ. ಅವರು ಮನೆ ಸೇರಿದ್ದು ನಾನು ಸೇರಿದ ಎಷ್ಟೋ ಹೊತ್ತಿನ ಮೇಲೆ. ಆ ನಡಿಗೆ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಡುಗೆಮನೆಯಲ್ಲಿ ಕೂರಿಸಿ ಅವರಿಗೆ ಎಲ್ಲ ವಿವರಿಸಿದೆ. ಹಕ್ಕಿ ಬಡಿದು ಸೊಟ್ಟಗಾದ ಇಂಜಿನ್ನಿನ ಚಿತ್ರ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಒಳಗೆ ಜನ ಇರ್ತಾರಲ್ಲ?"

"ಇರ್ತಾರೆ."

"ನಿಂಗೆ ಕೆಡುಕು ಬರ್ಬಾರ್ದು ಅಂತ ಕೇಳ್ಕೊಂಡು ಅವ್ರ ದಾರಿಗೆ ಕಳಿಸ್ದ್ನಾ ನಾನು?" ಅವರ ದನಿ ಸಣ್ಣಗಾಗಿತ್ತು. ಎದ್ದು ಹೋಗಿ ಡಬರಿಯನ್ನು ತೊಳೆಯಲು ನಿಂತರು. ತೊಳೆದದ್ದನ್ನೇ ಮತ್ತೆ ತೊಳೆದರು.

ಸಿಟ್ಟು ಇಳಿಯಿತು. ಇಳಿದ ಜಾಗಕ್ಕೆ ನನ್ನ ಹಳೆಯ ಚಟ ಬಂದು ಕೂತಿತು. ಮೊದಲ ಗುರುವಾರ ಎಷ್ಟು ಬಂದಿದ್ದವು ಎಂದು ಕೇಳಿದೆ. "ಮೂರು. ಕಾಗೆನೇ ಜಾಸ್ತಿ" ಎಂದರು. ಎರಡನೆಯ ವಾರ? ನಾಲ್ಕನೆಯ ವಾರ? ದಾದಿಗೆ ಎಲ್ಲ ನೆನಪಿತ್ತು. ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಅವರು ನಡೆಯುತ್ತಾರೆ, ಬರಿಗೈಯಲ್ಲಿದ್ದರೆ ಒಂದೂ ಹತ್ತಿರ ಬರುವುದಿಲ್ಲ. "ಅವು ನನ್ನ ನೋಡಲ್ಲ, ಡಬರಿ ನೋಡ್ತಾವೆ. ಒಂದ್ಸಲ ಬಿಳಿ ಶಾಲು ಹೊದ್ಕೊಂಡ್ ಹೋದೆ, ಡಬರಿ ಇದ್ರೂ ಅನುಮಾನ ಬಂತು ಅವಕ್ಕೆ, ಸುಮಾರು ಹೊತ್ತು ಮೇಲೇ ಸುತ್ತಿದ್ವು." ನಾನು ಪೆನ್ನು ತಂದು ಬರೆದುಕೊಳ್ಳತೊಡಗಿದೆ. ಏಳು ವಾರ ನಾವು ಆಕಾಶ ನೋಡಿ ಬರೆದದ್ದಕ್ಕಿಂತ ಹೆಚ್ಚಿನದು ಈ ಅಡುಗೆಮನೆಯಲ್ಲಿತ್ತು.

ಜೊತೆಗಾರನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಮಗಾ, ನೀನು ಏನೂ ನೋಡಿಲ್ಲ. ಶನಿವಾರ ಮುಗೀಲಿ, ಆಮೇಲ್ ನೋಡ್ಕೊಳ್ಳೋಣ" ಎಂದ. ನನ್ನ ಮನಸ್ಸಿನಲ್ಲೂ ಅದೇ ಇತ್ತು ಎಂದು ಒಪ್ಪಿಕೊಳ್ಳಬೇಕು. ಅಂಕಿಗಳು ಸುಳ್ಳಲ್ಲ, ಗುರುವಾರ ಹದ್ದು ಬಂದದ್ದು ನಿಜ. ನಾನು ಆ ಬೆಳಿಗ್ಗೆ ಮಲಗಿಯೇ ಇದ್ದಿದ್ದರೆ ಸಾಕಿತ್ತು. ಆದರೆ ಒಂಬತ್ತನೆಯ ಸ್ಲೈಡಿನ ಫೋಟೋ ಕಣ್ಣ ಮುಂದಿತ್ತು. "ಕೋಳಿ ಅಂಗಡಿಯವ್ರು?" ಎಂದೆ. ಅವನು ಫೋನ್ ಇಟ್ಟ.

ಸಂಜೆ ಅವನೇ ಮತ್ತೆ ಮಾಡಿದ. "ತಾತಂಗೆ ಹೇಳಿದ್ದೇ ತಪ್ಪಾಯ್ತು" ಎಂದ. ಹಿಂದಿನಿಂದ ತಾತನ ದನಿ ಕೇಳುತ್ತಲೇ ಇತ್ತು: "ಇಂಗ್ ಮಾಡ್ಬ್ಯಾಡ್ರಪ್ಪ. ಅಂಗಡಿಯವ್ನು ಏನ್ ಅನ್ಯಾಯ ಮಾಡವ್ನೆ ನಿಮ್ಗೆ? ಅದ್ದು ಯಾರ್ ಕರೆದ್ರೆ ಬಂತೋ, ಅದ್ನ್ ಏಳ್ರಿ."

ಮರುದಿನ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಮ್ಮ ಕಥೆ ಕೇಳಿದರು. ಅಂಗಡಿಯ ಮಾತನ್ನು ತಾನೂ ಪರೀಕ್ಷಿಸದೆ ಒಪ್ಪಿದೆನಲ್ಲ ಎಂದು ಪೇಚಾಡಿಕೊಂಡರು. "ಆ ಸ್ಲೈಡ್ ತೆಗೀರಿ. ನಿಜ ಹೇಳೋದಾದ್ರೆ ಪೂರ್ತಿ ಹೇಳಿ. ಗೆಲ್ಲಲ್ಲ ಅನ್ನೋದು ಮಾತ್ರ ಗೊತ್ತಿರ್ಲಿ" ಎಂದರು.

ಉಳಿದದ್ದು ದಾದಿಯ ಒಪ್ಪಿಗೆ. ನೂರಾರು ಜನರ ಮುಂದೆ ನಿಮ್ಮ ವಿಷಯ ಹೇಳಬೇಕಾಗುತ್ತದೆ ಎಂದೆ.

"ನಗ್ತಾರಾ?"

"ನಗ್ಬಹುದು."

"ನಗ್ಲಿ. ನೀನು ನಗ್ಬೇಡ."

ಶನಿವಾರ ಸಭಾಂಗಣದಲ್ಲಿ ನಮಗಿಂತ ಮುಂಚೆ ಮಾತಾಡಿದ ತಂಡಗಳು ಸಾಮಾನು ಸಾಗಣೆ, ಇಂಧನ, ನೌಕರರ ಪಾಳಿ ಎಂದು ಗಂಭೀರವಾದ ಲೆಕ್ಕಗಳನ್ನು ಮಂಡಿಸಿದವು. ನಮ್ಮ ಸರದಿಯಲ್ಲಿ ಜೊತೆಗಾರ ಎಣಿಕೆಯ ವಿಧಾನ ಹೇಳಿ ಗುರುವಾರದ ಗ್ರಾಫ್ ತೋರಿಸಿದ. ಸಭೆ ಕುತೂಹಲದಿಂದ ಮುಂದೆ ಬಾಗಿತು. ಆಮೇಲೆ ನಾನು, "ಇದಕ್ಕೆ ಕಾರಣ ಒಂದು ಕೋಳಿ ಅಂಗಡಿ ಅಂತ ನಾವು ತಪ್ಪಾಗಿ ತಿಳಿದಿದ್ದೆವು. ಕಾರಣ ನಮ್ಮ ಮನೆಯಲ್ಲೇ ಇತ್ತು" ಎಂದು ಶುರುಮಾಡಿದೆ. ನಗು ಬಂತು, ನಿರೀಕ್ಷಿಸಿದ್ದಕ್ಕಿಂತ ಜೋರಾಗಿಯೇ. ನಾನು ನಗಲಿಲ್ಲ. ಡಬರಿ, ಶಾಲು, ಮೂರರಿಂದ ಇಪ್ಪತ್ತಕ್ಕೇರಿದ ವಾರಗಳು, ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ನಗು ತಾನಾಗಿ ನಿಂತಿತು.

ಮೂವರು ತೀರ್ಪುಗಾರರಲ್ಲಿ ಒಬ್ಬರು ವಿಮಾನಗಳಿಗೆ ದಾರಿ ಹೇಳುವ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರು. ಅವರು ಕೇಳಿದರು: "ಅವ್ರು ಯಾಕೆ ಹಾಕ್ತಿದ್ರಮ್ಮ?"

"ನಾನು ಇಲ್ಲಿ ಗೆಲ್ಲಲಿ ಅಂತ ಸರ್."

ಯಾರೂ ನಗಲಿಲ್ಲ. ಆ ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದರು: "ಈಗ ನಿಲ್ಸಿದಾರೆ ಅಂದ್ರಿ. ಡಬರಿ ಕಂಡ್ರೂ ಹದ್ದು ಬರದೇ ಇರೋದಕ್ಕೆ ಎಷ್ಟು ವಾರ ಬೇಕು?"

"ಗೊತ್ತಿಲ್ಲ ಸರ್."

"ನಂಗೂ ಗೊತ್ತಿಲ್ಲ. ಗೊತ್ತಾದ್ರೆ ತಿಳ್ಸಿ."

ನಮಗೆ ಯಾವ ಸ್ಥಾನವೂ ಬರಲಿಲ್ಲ. ನೌಕರರ ಪಾಳಿಯ ಬಗ್ಗೆ ಮಾತಾಡಿದ ಇಬ್ಬರು ನಿಯಂತ್ರಣ ಕೊಠಡಿಗೆ ಹೋದರು. ಚೆನ್ನಾಗಿಯೇ ಮಾತಾಡಿದ್ದರು. ಆದರೂ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಾಗ, ಏರ್‌ಪೋರ್ಟ್ ಎಂದು ಬರೆದ ಹಸಿರು ಫಲಕ ಕಂಡು ನಾನು ಕಿಟಕಿಗೆ ಮುಖ ಮಾಡಿ ಅತ್ತೆ. ಜೊತೆಗಾರ ನೋಡದವನಂತೆ ಕಡಲೆಕಾಯಿ ಸುಲಿಯುತ್ತ ಕೂತಿದ್ದ.

ದಾದಿ ಬಾಗಿಲಲ್ಲೇ ಕಾಯುತ್ತಿದ್ದರು. ಗೆಲ್ಲಲಿಲ್ಲ ಎಂದೆ. ಅವರು ತಲೆಯಾಡಿಸಿ ಒಳಗೆ ಹೋಗಿ ನೀರು ತಂದುಕೊಟ್ಟರು. ಕುಡಿದ ಮೇಲೆ ಆ ಹಿರಿಯರ ಪ್ರಶ್ನೆಯನ್ನೂ ಹೇಳಿದೆ, ಸುಮ್ಮನೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎಂದಿನಂತೆ ಕೊನೆಯವರೆಗೂ ಕೇಳಿಸಿಕೊಂಡರು.

ಮುಂದಿನ ಗುರುವಾರ ಬೆಳಿಗ್ಗೆ ಯಾರೋ ನನ್ನ ಭುಜ ಅಲ್ಲಾಡಿಸಿದರು. ಕಂದು ಶಾಲು ಹೊದ್ದು, ಖಾಲಿ ಡಬರಿ ಹಿಡಿದು ದಾದಿ ನಿಂತಿದ್ದರು. "ಏಳು ಮಾ. ಎಣಿಸ್ಬೇಕಲ್ಲ."

ಅದೇ ಹೊತ್ತು, ಅದೇ ಸೈಟು. ಒಂದು ಗಂಟೆ ನಿಲ್ಲಬೇಕು ಎಂದು ಹೇಳಿದ್ದೆ. ಹದ್ದುಗಳೆಲ್ಲ ಬಂದವು. ಏನೂ ಸಿಗದೆ ತಗ್ಗಿ ತಗ್ಗಿ ಹಾರಿದವು. ಒಂದು ಡಬರಿಯ ಮೊಳದಷ್ಟು ಮೇಲೆ ಹಾದುಹೋಯಿತು. ದಾದಿಯ ಬಲಗೈ ಅಭ್ಯಾಸದಿಂದ ಡಬರಿಯೊಳಗೆ ಹೋಗಿ, ಖಾಲಿ ತಳ ಮುಟ್ಟಿ, ಹೊರಗೆ ಬಂತು. ಅವರಿಗೆ ಅದು ಎಷ್ಟು ಕಷ್ಟವಾಗುತ್ತಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಂಬಿ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಅಭ್ಯಾಸ ಅವರಿಗಿಲ್ಲ. "ಬೇಡ ಬಿಡಿ ದಾದಿ, ಇದು ಪರೀಕ್ಷೆಗೂ ಅಲ್ಲ" ಎಂದೆ. "ಮೇಲೆ ಜನ ಹೋಗ್ತಾರೆ" ಎಂದಷ್ಟೇ ಅಂದರು.

ಪ್ರತಿ ಗುರುವಾರ ಹೋದೆವು. ಹದ್ದುಗಳು ನಿಧಾನವಾಗಿ ಕಡಿಮೆಯಾದವು. ಕೋಳಿ ಅಂಗಡಿಯವರು ಶಟರ್ ಎತ್ತುತ್ತ ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದರು. ಅವರ ಫೋಟೋ ಎಲ್ಲಿಯವರೆಗೆ ಹೋಗುವುದರಲ್ಲಿತ್ತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಏಳನೆಯ ಗುರುವಾರ ಒಂದೇ ಹದ್ದು ಬಂದು ಟ್ರಾನ್ಸ್‌ಫಾರ್ಮರ್ ಮೇಲೆ ಕೂತು ನೋಡುತ್ತಿತ್ತು. ದಾದಿ ಡಬರಿಯನ್ನು ಬೋರಲು ಹಿಡಿದು ಅದಕ್ಕೆ ತೋರಿಸಿದರು. "ಇಲ್ಲ ಕಣಪ್ಪ" ಎಂದರು, ಬಾಗಿಲಿಗೆ ಬಂದವರಿಗೆ ಹೇಳುವ ಹಾಗೆ.

ಎಂಟನೆಯ ಗುರುವಾರ ಯಾವುದೂ ಬರಲಿಲ್ಲ. ಅರ್ಧ ಗಂಟೆ ಕಾದು ನಾನು ಪುಸ್ತಕದಲ್ಲಿ ಸೊನ್ನೆ ಬರೆದೆ. ಆ ಹಿರಿಯರಿಗೆ ತಿಳಿಸಬೇಕಾದ ಉತ್ತರ ಸಿಕ್ಕಿತ್ತು. "ಆಯ್ತು ದಾದಿ, ಮನೆಗೆ ಹೋಗೋಣ" ಎಂದೆ.

"ಒಂದು ಗಂಟೆ ಅಂದಿದ್ಯಲ್ಲ. ಇನ್ನೂ ಆಗಿಲ್ಲ."

ನಿಂತೆವು. ಖಾಲಿ ಆಕಾಶದಲ್ಲಿ ಒಂದು ವಿಮಾನ ತಗ್ಗಿನಲ್ಲಿ ಬಂತು. ಅಂಗಡಿಯವರು ಮಾತು ನಿಲ್ಲಿಸಿದರು, ನಾವೂ ನಿಲ್ಲಿಸಿದೆವು. ಅದು ತಲೆಯ ಮೇಲೆ ಹಾಯುವಾಗ ದಾದಿ ಆ ಖಾಲಿ ಡಬರಿಯನ್ನು ಎರಡೂ ಕೈಯಲ್ಲಿ ಎತ್ತಿ, ವಿಮಾನದ ಕಡೆಗೆ ಮೂರು ಸುತ್ತು ನಿವಾಳಿಸಿದರು. ಸದ್ದು ಕಳೆಯುವವರೆಗೂ ಕಾದೆ. ಈ ಸಲ ಕೇಳದೆ ಬಿಡಲಿಲ್ಲ.

"ಅದು ಯಾರಿಗೆ ದಾದಿ?"

"ಒಳಗಿರೋರಿಗೆ" ಎಂದರು.

ಒಂದು ಗಂಟೆ ಮುಗಿದ ಮೇಲೆ ಇಬ್ಬರೂ ಮನೆಯ ಕಡೆ ಹೊರಟೆವು. ಡಬರಿ ನನ್ನ ಕೈಯಲ್ಲಿತ್ತು, ಅವರ ಮಂಡಿಗೆ ಆಗುವಷ್ಟೇ ವೇಗದಲ್ಲಿ ನಾನೂ ನಡೆದೆ.